ಭಜನೆಗೆ ಕೂತಾಗ ಅಳು ಬಂದರೆ ತಪ್ಪಾ?

"ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಭಜನೆಗೆ ಕೂತರೆ ಅಳು ತಡೆಯಲು ಆಗುವುದಿಲ್ಲ. ಇದು ಭಕ್ತಿನಾ, ಬರೀ ದುಃಖನಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಎರಡೂ ಹೌದು. ಬೇರೆ ಮಾಡಲು ಹೋಗಬೇಡಿ. ನಾರದ ಭಕ್ತಿಸೂತ್ರ ಭಕ್ತಿಯಲ್ಲಿ 11 ಬಗೆ ಹೇಳುತ್ತದೆ. ಕೊನೆಯದು ಪರಮವಿರಹಾಸಕ್ತಿ, ಅಂದರೆ ಅಗಲಿಕೆಯ ಸಂಕಟವೇ ಭಕ್ತಿ. ಅಕ್ಕಮಹಾದೇವಿ ಗಿಳಿ, ಕೋಗಿಲೆಗಳ ಹತ್ತಿರ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದ್ದು ಇದೇ ಸಂಕಟದಲ್ಲಿ. ಅಮ್ಮನಿಗಾಗಿ ಒಂದು ಮನಸ್ಸು, ದೇವರಿಗಾಗಿ ಇನ್ನೊಂದು ಅಂತ ನಮಗಿಲ್ಲವಲ್ಲ.

ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಯಾರೋ ಹೇಳಿದ ಆ ಮಾತು, ಅಲ್ವಾ? "ಅತ್ತರೆ ಹೋದವರಿಗೆ ಸದ್ಗತಿ ಇಲ್ಲ." ಸಾವಾದ ಮನೆಯಲ್ಲೆಲ್ಲ ಇದನ್ನು ಹೇಳುವವರು ಒಬ್ಬರಾದರೂ ಇರುತ್ತಾರೆ. ಇದರ ಮೂಲ ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರದಲ್ಲಿದೆ. ಬಂಧುಗಳ ಕಣ್ಣೀರನ್ನು ಸತ್ತವರು ಉಣ್ಣಬೇಕಾಗುತ್ತದೆ, ಆದ್ದರಿಂದ ಅಳಬಾರದು ಎಂದು. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಶ್ಲೋಕ ನಿಲ್ಲುವುದಿಲ್ಲ. ಶಕ್ತಿ ಇದ್ದಷ್ಟು ಉತ್ತರಕ್ರಿಯೆಗಳನ್ನು ಮಾಡಬೇಕು ಎಂದು ಮುಗಿಯುತ್ತದೆ. ದಹನ ಮುಗಿಸಿ ಕುಸಿದು ಕೂತವರನ್ನು ಹಿರಿಯರು ಎಬ್ಬಿಸುವ ಮಾತು ಅದು. ಎಂಟು ತಿಂಗಳ ಮೇಲೆ ಮಗಳ ಬಾಯಿ ಮುಚ್ಚಿಸಲು ಹೇಳಿದ್ದಲ್ಲ.

ರಾಮನನ್ನೇ ನೋಡಿ. ಚಿತ್ರಕೂಟದಲ್ಲಿ ಭರತನಿಂದ ತಂದೆಯ ಸಾವು ತಿಳಿದು ಮೂರ್ಛೆ ಹೋದ. ಅಳುತ್ತಲೇ ಮಂದಾಕಿನಿಗೆ ಇಳಿದು ತರ್ಪಣ ಬಿಟ್ಟ, ಬೋರೆಹಣ್ಣು ಬೆರೆಸಿದ ಪಿಂಡ ಇಟ್ಟ. ಆಮೇಲೆ ಅಣ್ಣತಮ್ಮಂದಿರು ಅತ್ತದ್ದು ಬೆಟ್ಟಕ್ಕೆಲ್ಲ ಕೇಳಿತು ಎನ್ನುತ್ತಾರೆ ವಾಲ್ಮೀಕಿ. ದಶರಥನಿಗೆ ಸದ್ಗತಿ ತಪ್ಪಿತಾ? "ಗೀತೆಯಲ್ಲಿ ಶೋಕಿಸಬೇಡ ಅಂತಿದೆ" ಅನ್ನುವವರಿಗೂ ಒಂದು ಮಾತು. ಕೃಷ್ಣ ಅದನ್ನು ಹೇಳಿದಾಗ ಯುದ್ಧವೇ ಶುರುವಾಗಿರಲಿಲ್ಲ, ಅಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ದುಃಖದಲ್ಲಿರುವವರ ಮನೆಗೆ ಹೋದವರು ಏನು ಮಾಡಬೇಕು? ಭಾಗವತದಲ್ಲಿ ಕೃಷ್ಣನ ಗೆಳೆಯ ಉದ್ಧವ, ಕೃಷ್ಣನನ್ನು ಅಗಲಿ ಕೊರಗುತ್ತಿದ್ದ ಗೋಪಿಯರಿಗೆ ಜ್ಞಾನ ಹೇಳಲೆಂದು ಹೋದವನು. ಹೇಳಿ ಎದ್ದು ಬರಲಿಲ್ಲ. ಕೆಲವು ತಿಂಗಳು ಅಲ್ಲೇ ಉಳಿದ, ಕೃಷ್ಣನ ಕತೆಗಳನ್ನು ಹಾಡಿದ. ಕೊನೆಗೆ ಆ ಹೆಂಗಸರ ಪಾದದ ಧೂಳು ತಾಕುವಂತೆ ವೃಂದಾವನದಲ್ಲಿ ಒಂದು ಗಿಡವೋ ಬಳ್ಳಿಯೋ ಆಗಬೇಕೆಂದು ಬೇಡಿಕೊಂಡ.

ಮುಂದಿನ ಸಲ ಭಜನೆಯಲ್ಲಿ ಅಮ್ಮನಿಗೆ ಇಷ್ಟವಾಗಿದ್ದ ಪದವನ್ನೇ ಎತ್ತಿಕೊಳ್ಳಿ. ಗಂಟಲು ಕಟ್ಟಿದರೆ ಪಕ್ಕದವರು ಮುಂದುವರಿಸುತ್ತಾರೆ.