ಟ್ರಯಲ್ಸ್ ಹೆಲ್ಮೆಟ್: ಹಗುರ ಇರಲಿ, ತಲೆಗೆ ಸರಿಯಾಗಿ ಕೂರಲಿ

ಕೋಲಾರದಲ್ಲಿ ಬಂಡೆಗೆ ಬರವಿಲ್ಲ. ಅಂತರಗಂಗೆ ಕಡೆ ಕಣ್ಣು ಹಾಯಿಸಿದರೆ ಸಾಕು. ಹಾಗಾಗಿ ಟ್ರಯಲ್ಸ್, ಅಂದರೆ ಬೈಕಿನಲ್ಲಿ ಬಂಡೆ ಹತ್ತಿಳಿಯುವ ಆಟ, ಕಲಿಯಲು ಬರುವ ಹುಡುಗರು ಜಾಸ್ತಿಯಾಗುತ್ತಿದ್ದಾರೆ. (ಅಭ್ಯಾಸ ಮಾಡುವುದು ಕಾಡಿನೊಳಗಲ್ಲ, ಜಮೀನಿನವರನ್ನು ಕೇಳಿ ಅವರ ಜಾಗದಲ್ಲಿ.) ಈ ಆಟದಲ್ಲಿ ವೇಗ ಲೆಕ್ಕಕ್ಕಿಲ್ಲ. ಕಾಲೂರದೆ ಬಂಡೆ ಹತ್ತಿ ಇಳಿಯಬೇಕು, ಒಂದು ಸಲ ಕಾಲಿಟ್ಟರೆ 1 ಪಾಯಿಂಟ್ ದಂಡ. "ಇಷ್ಟು ನಿಧಾನಕ್ಕೆ ಓಡಿಸೋಕೆ ಸುಮಾರಾದ ಹೆಲ್ಮೆಟ್ ಸಾಲದಾ ಸಾರ್?" ಎಂದು ಹುಡುಗರು ಕೇಳುತ್ತಾರೆ.

ಸಾಲದು. ಫುಟ್‌ರೆಸ್ಟ್ ಮೇಲೆ ನಿಂತಾಗ ತಲೆ ನೆಲದಿಂದ ಸುಮಾರು 2 ಮೀಟರ್ ಮೇಲಿರುತ್ತದೆ. ಬೈಕ್ ನಿಂತಲ್ಲೇ ವಾಲಿದರೂ ಅಷ್ಟು ಎತ್ತರದಿಂದ ಬಿದ್ದ ತಲೆ ಕಲ್ಲಿಗೆ ಬಡಿಯುವುದು ಗಂಟೆಗೆ 22 ಕಿ.ಮೀ. ಆಸುಪಾಸಿನ ವೇಗದಲ್ಲಿ. ಕೆಳಗಿರುವುದು ಮಣ್ಣಲ್ಲ, ಕರಿಕಲ್ಲು.

ಆದರೂ ಹಗುರ ಬೇಕೇ ಬೇಕು. ಮುಂದಿನ ಚಕ್ರ, ಮುಂದಿನ ಕಲ್ಲು, ಮತ್ತೆ ಚಕ್ರ, ಹೀಗೆ ಕತ್ತು ಒಂದೇ ಸಮ ಬಗ್ಗಿ ಏಳುತ್ತಿರುತ್ತದೆ. ಫುಲ್ ಫೇಸ್ ಹೆಲ್ಮೆಟ್ ಸಾಮಾನ್ಯವಾಗಿ ಒಂದೂವರೆ ಕೆಜಿ ತೂಗಿದರೆ, ಟ್ರಯಲ್ಸ್ ಹೆಲ್ಮೆಟ್ ಒಂದು ಕೆಜಿ ಹತ್ತಿರ. ಗದ್ದ ಮುಚ್ಚುವ ಭಾಗ, ಗಾಜು ಇಲ್ಲದ್ದರಿಂದ, ಚಿಪ್ಪು ಫೈಬರ್‌ನದ್ದಾದ್ದರಿಂದ ತೂಕ ಇಳಿಯುತ್ತದೆ. ಏಟು ಹೀರುವ ಒಳಗಿನ ಥರ್ಮಾಕೋಲ್ ಪದರ ಇಲ್ಲದೆ ಹಗುರವಾದದ್ದು ಹೆಲ್ಮೆಟ್ಟೇ ಅಲ್ಲ. ಅಂಗಡಿಯಲ್ಲಿ ಒಳಬಟ್ಟೆ ಎತ್ತಿ ನೋಡಿ. ಬರೀ ಸ್ಪಂಜ್ ಕಂಡರೆ ಅಲ್ಲೇ ಇಟ್ಟು ಬನ್ನಿ. ಕಾರ್ಬನ್ ಚಿಪ್ಪಿನದಕ್ಕೆ ಸಾಲ ಮಾಡುವುದೂ ಬೇಡ, ಕಲಿಯುವವರಿಗೆ ಫೈಬರ್ ಧಾರಾಳ.

ತೂಕಕ್ಕಿಂತ ನಾನು ಜಾಸ್ತಿ ಹೊತ್ತು ನೋಡುವುದು ಅಳತೆಯನ್ನು. ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪ್ ಸುತ್ತಿ ಅಳೆಯಿರಿ. ಮೊನ್ನೆ ಒಬ್ಬ ಹುಡುಗ ಹೊಸ ಹೆಲ್ಮೆಟ್ ತಂದಿದ್ದ. ಸುಮ್ನೆ ನಿಂತಾಗ ಚೆನ್ನಾಗೇ ಕೂತಿತ್ತು. ಬೈಕ್ ಮೇಲೆ ನಿಲ್ಲಿಸಿ "ಚಕ್ರ ನೋಡಪ್ಪ" ಎಂದೆ. ಬಗ್ಗಿದ್ದೇ ತಡ, ಹೆಲ್ಮೆಟ್ ಜಾರಿ ಹುಬ್ಬಿನ ಮೇಲೆ ಬಂತು, ಮುಂದಿನ ಕಲ್ಲೇ ಮರೆಯಾಯಿತು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ತಳ್ಳಿದೆ, ತಲೆಯಿಂದ ಕಳಚಿಯೇ ಬಂತು. ಒಂದು ಸೈಜ್ ಚಿಕ್ಕದು ಹಾಕಿದ ಮೇಲೆ ಕೆನ್ನೆ ಸ್ವಲ್ಪ ಒತ್ತಿತು. ಒತ್ತಲಿ, ಪ್ಯಾಡ್ ಬಳಸುತ್ತಾ ಸಡಿಲವಾಗುತ್ತದೆ. ಹಣೆಯಲ್ಲಿ ಒಂದೇ ಕಡೆ ನೋವಾದರೆ ಮಾತ್ರ ಬೇರೆ ಮಾಡೆಲ್ ನೋಡಿ.

ಹೊರದೇಶದ ಹೆಲ್ಮೆಟ್ಟಾದರೆ ಪಟ್ಟಿಗೆ ಹೊಲಿದ ಇಸಿಇ 22.06 (ಯುರೋಪಿನ ಹೆಲ್ಮೆಟ್ ಸುರಕ್ಷತಾ ಮಾನದಂಡ) ಚೀಟಿ ಹುಡುಕಿ. ಅದರಲ್ಲಿ ‘ಜೆ’ ಅಕ್ಷರವಿದ್ದರೆ ಗದ್ದಕ್ಕೆ ರಕ್ಷಣೆ ಇಲ್ಲ ಎಂದರ್ಥ. ಬಂಡೆ ಮೇಲೆ ಅದು ನಡೆಯುತ್ತದೆ. ಬೆಂಗಳೂರು ಹೈವೇಗೆ ಅದನ್ನೇ ಹಾಕಿಕೊಂಡು ಹೊರಡಬೇಡಿ. ರಸ್ತೆಗೆ ಐಎಸ್‌ಐ ಗುರುತಿನ ಫುಲ್ ಫೇಸ್ ಬೇರೆಯೇ ಇರಲಿ.

ತಲೆ ಒಳಗಿದ್ದಾಗ ಕಲ್ಲಿಗೆ ಜೋರಾಗಿ ಬಡಿದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ. ಹೊರಗೆ ಗೀರು ಮಾತ್ರ ಕಾಣಬಹುದು, ಒಳಗೆ ಥರ್ಮಾಕೋಲ್ ಹಿಸುಕಿ ಹೋಗಿರುತ್ತದೆ, ಮತ್ತೆ ಉಬ್ಬುವುದಿಲ್ಲ. ತಮ್ಮನಿಗೋ ಗೆಳೆಯನಿಗೋ ಕೊಡಲೂ ಬೇಡಿ. ಪಟ್ಟಿ ಕತ್ತರಿಸಿಯೇ ಬಿಸಾಡಿ.