ಮೀಟರ್ 12 ವೋಲ್ಟ್ ತೋರಿಸುತ್ತಿದೆ, ಆದರೂ ಸೀಟು ಯಾಕೆ ಅಲ್ಲಾಡುತ್ತಿಲ್ಲ?

ಪ್ರಶ್ನೆ: ಕಾರಿನ ಪವರ್ ಸೀಟು ಹಿಂದೆ ಮುಂದೆ ಹೋಗುತ್ತಿಲ್ಲ. ಫ್ಯೂಸ್ ಚೆನ್ನಾಗಿದೆ. ಮೋಟಾರಿನ ಕನೆಕ್ಟರ್ ಕಳಚಿ, ಸ್ವಿಚ್ ಒತ್ತಿ ಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ಬರುತ್ತಿದೆ. ಅಂದರೆ ಮೋಟಾರ್ ಹೋಗಿದೆ ಅಂತಲೇ ಅಲ್ವಾ?

ಅಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಮುಂದಿನವರಿಗೂ ಇದನ್ನೇ ತೋರಿಸಬಹುದು.

ಮೀಟರ್ ಮುಟ್ಟುವ ಮೊದಲು ಕಣ್ಣು, ಕಿವಿಗೆ ಕೆಲಸ ಕೊಡಿ. ಕಾರಿನ ಒಳಗಿನ ದೀಪ ಹಾಕಿ ಸೀಟಿನ ಸ್ವಿಚ್ ಒತ್ತಿ. ದೀಪ ಕೊಂಚ ಮಂಕಾಗಿಯೂ ಸೀಟು ಕದಲದಿದ್ದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಏನೋ ಸಿಕ್ಕಿಕೊಂಡಿದೆ ಎಂದರ್ಥ. ಸೀಟಿನ ಹಳಿಯಲ್ಲಿ ಪೆನ್ನೋ ನಾಣ್ಯವೋ ಬಿದ್ದಿದೆಯಾ ನೋಡಿ. ಒಂದೇ ದಿಕ್ಕಿಗೆ ಹೋಗಿ ಇನ್ನೊಂದು ದಿಕ್ಕಿಗೆ ಸದ್ದೇ ಇಲ್ಲದಿದ್ದರೆ ಮೋಟಾರನ್ನು ಮರೆತುಬಿಡಿ. ಎರಡೂ ದಿಕ್ಕಿಗೆ ಓಡುವುದು ಅದೇ ಮೋಟಾರ್. ಸಾಮಾನ್ಯ ಸೀಟುಗಳಲ್ಲಿ ಸ್ವಿಚ್ ಮುಟ್ಟದಿರುವಾಗ ಮೋಟಾರಿನ ಎರಡೂ ವೈರ್ ಅರ್ಥಿಂಗ್‌ನಲ್ಲಿ, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹೋಗುವ ದಾರಿಯಲ್ಲಿ ಇರುತ್ತವೆ. ಒತ್ತಿದಾಗ ಒಂದು ಮಾತ್ರ 12 ವೋಲ್ಟಿಗೆ ಹೋಗುತ್ತದೆ. ದಿಕ್ಕು ಬದಲಿಸುವುದು ಸ್ವಿಚ್. ಹಾಗಾಗಿ ಅನುಮಾನವೂ ಮೊದಲು ಅದರ ಮೇಲೆಯೇ.

ಈಗ ಆ 12 ವೋಲ್ಟಿನ ಭ್ರಮೆಗೆ ಬರೋಣ.

ಡಿಜಿಟಲ್ ಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೀಟಿನ ಕೆಳಗಿನ ಕನೆಕ್ಟರಿನ ಒಂದು ಪಿನ್ ಕಿಲುಬು ಹಿಡಿದು ಹಸಿರಾಗಿದೆ, ಅಲ್ಲಿ 2 ಓಮ್ ರೋಧ ಬಂದಿದೆ ಎಂದುಕೊಳ್ಳಿ. ಮೀಟರಿನ ಮುಂದೆ 2 ಓಮ್ ಲೆಕ್ಕಕ್ಕೇ ಇಲ್ಲ, ಅದು ಠೀವಿಯಿಂದ 12 ತೋರಿಸುತ್ತದೆ. ಈಗ ಮೋಟಾರ್ ಜೋಡಿಸಿ. ನಿಂತಿರುವ ಮೋಟಾರಿನ ಸುರುಳಿ 1 ಓಮ್ ಎಂದಿಟ್ಟುಕೊಂಡರೆ 8 ವೋಲ್ಟ್ ಆ ಕಿಲುಬಿನಲ್ಲೇ ಖರ್ಚು. ಮೋಟಾರಿಗೆ ಉಳಿಯುವುದು 4. ನೀವು ಕೂತ ಸೀಟನ್ನು ಅದು 4 ವೋಲ್ಟಿನಲ್ಲಿ ಎಲ್ಲಿಂದ ತಳ್ಳಬೇಕು? ಲಡ್ಡಾದ ಹಗ್ಗವೂ ಸುಮ್ನೆ ಇಳಿಬಿಟ್ಟಾಗ ಹಗ್ಗದಂತೆಯೇ ಕಾಣುತ್ತದೆ, ಕೊಡ ಕಟ್ಟಿ ಎಳೆದಾಗ ತಾನೆ ಬಂಡವಾಳ ಗೊತ್ತಾಗುವುದು?

ನೀವು ಕನೆಕ್ಟರ್ ಕಳಚಿ ಅಳೆದದ್ದೇ ಎಡವಟ್ಟು. ಭಾರ ತೆಗೆದುಬಿಟ್ಟು ಅಳೆದಿರಿ. ಅದನ್ನು ಮತ್ತೆ ಜೋಡಿಸಿ. ಕನೆಕ್ಟರಿನ ಹಿಂಬದಿಯಿಂದ ವೈರಿನ ಪಕ್ಕದಲ್ಲಿ ಸೂಜಿಯಂಥ ಪ್ರೋಬ್ ತೂರಿಸಿ, ಸ್ವಿಚ್ ಒತ್ತಿ ಹಿಡಿದೇ ಎರಡು ವೈರಿನ ನಡುವೆ ಅಳೆಯಿರಿ. ಆಗಲೂ 12ರ ಹತ್ತಿರ ಇದ್ದು, ಮೋಟಾರ್ ಸುಮ್ಮನಿದ್ದು, ದೀಪವೂ ಮಂಕಾಗದಿದ್ದರೆ ಮಾತ್ರ ಮೋಟಾರನ್ನು ಬೈಯಿರಿ.

ವೋಲ್ಟೇಜ್ ಕುಸಿದರೆ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಸ್ವಿಚ್ ಒತ್ತಿಕೊಂಡೇ ಕೆಂಪು ಪ್ರೋಬನ್ನು ಮೋಟಾರಿನ ಅರ್ಥಿಂಗ್ ಕಡೆಯ ವೈರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ತೊಂದರೆ ಅರ್ಥಿಂಗ್ ದಾರಿಯಲ್ಲಿದೆ. ಅಲ್ಲಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಕಾರ್ಪೆಟ್ ಕೆಳಗಿನ ಅರ್ಥಿಂಗ್ ಬೋಲ್ಟಿಗೆ ಹೋಗಿ. ಎಲ್ಲಿ ಅಂಕಿ ತಟ್ಟನೆ ಇಳಿಯುತ್ತದೋ, ಅದರ ಹಿಂದಿನ ತುಂಡಿನಲ್ಲೇ ಕಳ್ಳ ಇದ್ದಾನೆ. ಇಷ್ಟೆಲ್ಲ ರಗಳೆ ಬೇಡ ಅಂದರೆ 21 ವ್ಯಾಟಿನ ಬ್ರೇಕ್ ಬಲ್ಬಿಗೆ ಎರಡು ವೈರ್ ಕಟ್ಟಿ ಮೋಟಾರಿನ ಜಾಗದಲ್ಲಿ ಹಿಡಿಯಿರಿ. ಪೂರ್ತಿ ಉರಿಯದೆ ಮಂಕಾದರೆ ವೈರಿಂಗ್ ಅಥವಾ ಸ್ವಿಚ್‌ನದೇ ತಪ್ಪು. ಎಲ್‌ಇಡಿ ಟೆಸ್ಟರ್ ಬೇಡ, ಅದೂ ಮೀಟರಿನ ಹಾಗೇ ಸುಳ್ಳು ಹೇಳುತ್ತದೆ.

ದೊಡ್ಡ ಫ್ಯೂಸ್ ಹಾಕಬಹುದಾ ಅಂತ ಮಾತ್ರ ಕೇಳಬೇಡಿ. ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳನ್ನೂ ಮುಟ್ಟಬೇಡಿ, ಅವು ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟಿನವು. ಅವುಗಳಿಗೆ ಮೀಟರ್ ಹಿಡಿದರೂ ಏರ್‌ಬ್ಯಾಗ್ ಸಿಡಿಯುವ ಅಪಾಯವಿದೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಮೆಮೊರಿ ಸೀಟು, ಅಂದರೆ ನೀವು ಹೊಂದಿಸಿಟ್ಟ ಜಾಗ ನೆನಪಿಟ್ಟುಕೊಳ್ಳುವ ಸೀಟು, ಒಂದಿಂಚು ಸರಿದು ನಿಂತುಬಿಡುವುದೇಕೆ? ಅಂಥ ಸೀಟುಗಳಲ್ಲಿ ಮೋಟಾರಿನ ಜೊತೆ ಒಂದು ಸೆನ್ಸರ್ ಇರುತ್ತದೆ. ಮೋಟಾರ್ ತಿರುಗಿದಂತೆ ಅದು ಮಾಡ್ಯೂಲಿಗೆ (ಸೀಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ) ಪಲ್ಸ್, ಅಂದರೆ ಚಿಕ್ಕ ಚಿಕ್ಕ ವಿದ್ಯುತ್ ಸಂಕೇತ ಕಳಿಸುತ್ತದೆ. ಪಲ್ಸ್ ಬರದಿದ್ದರೆ ಸೀಟು ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಮಾಡ್ಯೂಲ್ ಕರೆಂಟ್ ನಿಲ್ಲಿಸುತ್ತದೆ. ಮತ್ತೆ ಒತ್ತಿದರೆ ಮತ್ತೊಂದಿಂಚು. ಮೋಟಾರೂ ಸರಿ, ದಪ್ಪ ವೈರೂ ಸರಿ. ಸೆನ್ಸರಿನ ಸಣ್ಣ ವೈರ್ ಎಲ್ಲಾದರೂ ತುಂಡಾಗಿದೆಯಾ ನೋಡಬೇಕು. ಅಲ್ಲಿಗೆ ಮಾತ್ರ ಬಲ್ಬ್ ಹಿಡಿಯಬೇಡಿ. ಅಷ್ಟು ಕರೆಂಟ್ ಹರಿದರೆ ಮಾಡ್ಯೂಲೇ ಸುಟ್ಟೀತು. ಆ ವೈರಿಗೆ ಮೀಟರೇ ಸರಿ.