‘ಪೂರ್ವಾಧ್ಯಯನಗಳ ಸಮೀಕ್ಷೆ’ ಬರೀ ಪಟ್ಟಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಪಿಎಚ್.ಡಿ. ಎರಡನೆಯ ವರ್ಷದಲ್ಲಿದ್ದೇನೆ. ನನ್ನ ವಿಷಯದ ಬಗ್ಗೆ ಹಿಂದಿನವರು ಬರೆದದ್ದನ್ನು ಪರಿಶೀಲಿಸುವ ಪೂರ್ವಾಧ್ಯಯನಗಳ ಅಧ್ಯಾಯವನ್ನು ನಲವತ್ತು ಪುಟ ಬರೆದು ಕೊಟ್ಟೆ. ಮಾರ್ಗದರ್ಶಕರು ‘ಇದರಲ್ಲಿ ನಿಮ್ಮ ಮಾತು ಎಲ್ಲಿದೆ?’ ಎಂದು ಹಿಂದಿರುಗಿಸಿದರು. ಎಲ್ಲಿ ತಪ್ಪಿದೆ?

ಉತ್ತರ: ಅಧ್ಯಾಯವನ್ನು ನೀವು ಲೇಖಕರ ಹೆಸರುಗಳ ಮೇಲೆ ಕಟ್ಟಿರಬೇಕು. ಪ್ರತಿ ಪ್ಯಾರಾ ‘ಇಂಥವರು ತಮ್ಮ ಇಂಥ ಗ್ರಂಥದಲ್ಲಿ ಹೀಗೆ ಹೇಳಿದ್ದಾರೆ’ ಎಂದು ಆರಂಭವಾದರೆ ಓದಿದ್ದೆಲ್ಲ ದಾಖಲಾಗುತ್ತದೆ, ಓದುವಾಗ ನಿಮಗೆ ಹೊಳೆದದ್ದು ಮಾತ್ರ ಹೊರಗೇ ಉಳಿದುಬಿಡುತ್ತದೆ. ಮಾದರಿಗೆಂದು ಭಾರತದ ಮಹಾಪ್ರಬಂಧಗಳ ಅಂತರಜಾಲ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಿದರೆ ಸಿಗುವ ಎಷ್ಟೋ ಮಹಾಪ್ರಬಂಧಗಳು ಇದೇ ಅಚ್ಚಿನವು. ಆದ್ದರಿಂದ ತಪ್ಪು ಪೂರ್ತಿ ನಿಮ್ಮದೆಂದು ನಾನು ಹೇಳಲಾರೆ.

ಕನ್ನಡದ ಅತ್ಯಂತ ಹಳೆಯ ಶಾಸನದ ಚರ್ಚೆಯನ್ನೇ ನೋಡೋಣ. ಪಟ್ಟಿಯ ಕ್ರಮದಲ್ಲಿ ಬರೆದರೆ ಅದು ಹೀಗಿರುತ್ತದೆ: ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಅದರ ಕಾಲ ಸು. 450 ಎನ್ನಲಾಗಿದೆ. ತಾಳಗುಂದದ ಸಿಂಹಕಟಾಂಜನ ಶಾಸನ ಸು. 370ರದು, ಅದೇ ಹಳೆಯದು ಎಂದೂ ಹೇಳಲಾಗಿದೆ. ಮೂರೂ ವಾಕ್ಯಗಳಲ್ಲಿ ದೋಷವಿಲ್ಲ, ಆದರೆ ಒಂದರ ಮುಖವನ್ನು ಇನ್ನೊಂದು ನೋಡುತ್ತಿಲ್ಲ. ಅಲ್ಲದೆ ‘ಹೇಳಲಾಗಿದೆ’ ಎಂಬ ಕ್ರಿಯಾಪದ ಹೇಳಿದವರು ಯಾರು, ಯಾವ ಆಧಾರದಿಂದ ಎಂಬುದನ್ನು ಮರೆಮಾಡುತ್ತದೆ. ನಮ್ಮ ಸಂಶೋಧನಾ ಗದ್ಯಕ್ಕೆ ಅಂಟಿದ ಹಳೆಯ ಚಟವದು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: ‘ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲದ ಕಾರಣ ಲಿಪಿಯಿಂದಲೂ ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನಂಥ ಹೆಸರುಗಳಿಂದಲೂ ಅದರ ಕಾಲವನ್ನು ಊಹಿಸಬೇಕಾಗಿದೆ, ಹಾಗಿರುವಾಗ ತಾಳಗುಂದದ ಶಾಸನ ಅದಕ್ಕಿಂತ ಹಳೆಯದೆಂಬ ವಾದವನ್ನು ಒಪ್ಪುವ ಮೊದಲು, ಲಿಪಿಯನ್ನು ನೋಡಿ ಕಾಲ ಹೇಳುವ ವಿಧಾನ ಎಂಟು ದಶಕಗಳ ಅಂತರವನ್ನು ಖಚಿತವಾಗಿ ತೋರಬಲ್ಲದೇ ಎಂದು ಕೇಳಬೇಕು.’ ಇಲ್ಲಿ ಹೊಸ ಮಾಹಿತಿ ಹೆಚ್ಚೇನಿಲ್ಲ. ಸಂಶೋಧಕ ಕೇಳಿದ ಪ್ರಶ್ನೆಯೊಂದು ಸೇರಿದೆ, ಮುಂದಿನ ಪ್ಯಾರಾಕ್ಕೆ ದಾರಿಯೂ ತೆರೆದಿದೆ.

ಇದು ಬರೆಯಲು ಕೂತಾಗ ತಾನಾಗಿ ಬರುವುದಿಲ್ಲ, ಟಿಪ್ಪಣಿ ಮಾಡುವಾಗಲೇ ಶುರುವಾಗಬೇಕು. ಪ್ರತಿ ಲೇಖನಕ್ಕೂ ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿ: ಲೇಖಕರ ವಾದ, ಅದಕ್ಕೆ ಕೊಟ್ಟ ಆಧಾರ, ನಿಮ್ಮ ತಕರಾರು. ಮೂರನೆಯ ಅಂಕಣದಲ್ಲಿ ಒಂದೇ ಬಗೆಯ ತಕರಾರು ಬಂದ ಹಾಳೆಗಳನ್ನು ಒಟ್ಟಿಗಿಟ್ಟರೆ ಅಧ್ಯಾಯದ ಒಂದೊಂದು ಭಾಗ ಸಿದ್ಧವಾದಂತೆ. ಮೊದಲ ಅಂಕಣವನ್ನು ಪುಸ್ತಕ ಮುಚ್ಚಿಟ್ಟು ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ. ಪುಟಸಂಖ್ಯೆಯನ್ನು ಆಗಲೇ ಗುರುತಿಸಿಕೊಳ್ಳಿ. ಕೃತಿಚೌರ್ಯದ ಭಯಕ್ಕೂ ಇದೇ ಮದ್ದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಪ್ರಕಾರ ಮಹಾಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಅದನ್ನು ಮೀರಿ ಶೇ. 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಮೂಲದ ವಾಕ್ಯದಲ್ಲಿ ಪದಗಳನ್ನಷ್ಟೇ ಬದಲಿಸಿದ ಬರಹ ಈ ಮಿತಿಯೊಳಗೆ ಉಳಿದರೂ ಅದು ನಿಮ್ಮ ಬರಹವಾಗುವುದಿಲ್ಲ.

ನಲವತ್ತು ಪುಟಗಳನ್ನೂ ಈಗಲೇ ತಿದ್ದಲು ಹೋಗಬೇಡಿ. ಇಬ್ಬರು ವಿದ್ವಾಂಸರು ಎದುರುಬದುರಾಗುವ ಒಂದು ಜಾಗವನ್ನು ಆಯ್ದು, ಅದನ್ನು ಎರಡು ಪುಟದಲ್ಲಿ ಹೊಸದಾಗಿ ಬರೆದು, ಅಷ್ಟನ್ನೇ ಮಾರ್ಗದರ್ಶಕರಿಗೆ ತೋರಿಸಿ.